ಚಿರತೆ ಇದ್ದಲ್ಲೇ ಇದೆ

ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದವರು ಅರ್ಧ ಗಂಟೆಯೊಳಗೆ ಕೆಂಗೇರಿ ದಾಟಿ ಚಲ್ಲಘಟ್ಟದಲ್ಲಿ ಇಳಿಯುತ್ತಾರೆ. 2021ರ ಆಗಸ್ಟ್‌ನಲ್ಲಿ ಈ ಮಾರ್ಗ ಕೆಂಗೇರಿ ಮುಟ್ಟಿತು. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೂ ಬಂತು. ಆ ಕೊನೆಯ ನಿಲ್ದಾಣದಲ್ಲಿ ನಿಂತು ಪಶ್ಚಿಮಕ್ಕೆ ಮುಖ ಮಾಡಿದರೆ ಸೂಲಿಕೆರೆಯ ಕಾಡು, ರಾಮೋಹಳ್ಳಿ, ಮಂಚನಬೆಲೆ, ಅದರಾಚೆ ಸಾವನದುರ್ಗ. ಆಗ್ನೇಯಕ್ಕೆ ತಿರುಗಿದರೆ ತುರಹಳ್ಳಿ, ಬಿ.ಎಂ. ಕಾವಲು, ಯು.ಎಂ. ಕಾವಲು. ಇಲ್ಲೆಲ್ಲ ಚಿರತೆಗಳು ಇವೆ. ದಾರಿ ತಪ್ಪಿ ಬಂದವಲ್ಲ. ಇಲ್ಲೇ ಹುಟ್ಟಿ, ಇಲ್ಲೇ ಬೇಟೆಯಾಡಿ, ಇಲ್ಲೇ ಮರಿ ಹಾಕುವ ಚಿರತೆಗಳು.

ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಅವರ ಹೊಳೆಮತ್ತಿ ನೇಚರ್ ಫೌಂಡೇಷನ್ನಿನ ತಂಡ ಬೆಂಗಳೂರಿನ ಅಂಚಿನ ಕಾಡು, ಕಾವಲು, ಗುಡ್ಡಗಳಲ್ಲಿ ವರ್ಷವಿಡೀ ಕ್ಯಾಮೆರಾ ಇಟ್ಟು ನಡೆಸಿದ ಅಧ್ಯಯನದ ಫಲಿತಾಂಶ 2025ರಲ್ಲಿ ಹೊರಬಂತು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದಲ್ಲಿ 54 ಚಿರತೆ, ಅದರ ಹೊರಗಿನ ಮೀಸಲು ಅರಣ್ಯ ಮತ್ತು ಖಾಸಗಿ ಜಮೀನುಗಳಲ್ಲಿ ಇನ್ನೂ ಸುಮಾರು 30. ಒಟ್ಟಿನಲ್ಲಿ 80ರಿಂದ 85 ಎಂಬುದು ಅವರ ಅಂದಾಜು. ನಗರದೊಳಗಿನ ಚಿರತೆ ಎಂದರೆ ದೇಶವೆಲ್ಲ ಮುಂಬೈಯ ಸಂಜಯ್ ಗಾಂಧಿ ಉದ್ಯಾನದ ಕಡೆ ಕೈ ತೋರಿಸುತ್ತಿತ್ತು. ಅಲ್ಲಿ 2024ರ ಲೆಕ್ಕ 54. ಅಂದರೆ ಮಹಾನಗರವೊಂದರ ಮಗ್ಗುಲಲ್ಲಿ ಸ್ವತಂತ್ರವಾಗಿ ಓಡಾಡುವ ಚಿರತೆಗಳ ಸಂಖ್ಯೆಯಲ್ಲಿ ಬೆಂಗಳೂರು ಮುಂಬೈಯನ್ನೂ ಮೀರಿದೆ.

ರಾಜಾಜಿನಗರ, ಬಸವೇಶ್ವರನಗರದ ಮನೆಗಳಲ್ಲಿ ಈ ಸುದ್ದಿ ಓದಿದವರಿಗೆ ಮೊದಲು ಹುಟ್ಟಿದ್ದು ಭಯ. ಅದು ಸಹಜ. ಆದರೆ ಈ ಪ್ರಾಣಿ ಹೇಗೆ ಬದುಕುತ್ತದೆ ಎಂದು ತಿಳಿದರೆ ಭಯಪಡಬೇಕಾದದ್ದು ಯಾವುದಕ್ಕೆ, ಬೇಡದ್ದು ಯಾವುದಕ್ಕೆ ಎಂಬುದು ಸ್ಪಷ್ಟವಾಗುತ್ತದೆ. ಈ ಲೇಖನ ಅಷ್ಟಕ್ಕೇ ಮೀಸಲು.

ಮೊದಲು ಎಣಿಕೆಯ ವಿಷಯ. ರಾತ್ರಿ ತಿರುಗುವ, ಮನುಷ್ಯನ ವಾಸನೆ ಬಡಿದರೆ ಪೊದೆ ಸೇರುವ ಪ್ರಾಣಿಯನ್ನು ಎಣಿಸುವುದಾದರೂ ಹೇಗೆ? ಕಾಡುದಾರಿಯ ಎರಡೂ ಬದಿಗೆ, ಸುಮಾರು ಮೊಣಕಾಲಿನ ಎತ್ತರದಲ್ಲಿ, ಎದುರುಬದುರಾಗಿ ಎರಡು ಕ್ಯಾಮೆರಾ ಪೆಟ್ಟಿಗೆ ಬಿಗಿಯುತ್ತಾರೆ. ಬೆಚ್ಚಗಿನ ಮೈಯೊಂದು ಮುಂದೆ ಹಾದುಹೋದರೆ ತಾನಾಗಿಯೇ ಚಿತ್ರ ಬೀಳುತ್ತದೆ. ಎರಡು ಏಕೆ ಬೇಕೆಂದರೆ ಚಿರತೆಯ ಎಡಮಗ್ಗುಲಿನ ಮಚ್ಚೆಗಳಿಗೂ ಬಲಮಗ್ಗುಲಿನ ಮಚ್ಚೆಗಳಿಗೂ ಹೋಲಿಕೆಯಿಲ್ಲ. ಒಂದೇ ಕಡೆಯ ಚಿತ್ರವಿದ್ದರೆ ಒಂದೇ ಪ್ರಾಣಿಯನ್ನು ಎರಡು ಬಾರಿ ಎಣಿಸುವ ಅಪಾಯ. ಒಂದು ಚಿರತೆಯ ಮಚ್ಚೆಗಳ ಜೋಡಣೆ ಇನ್ನೊಂದಕ್ಕೆ ಬರುವುದಿಲ್ಲ. ನಮ್ಮ ಬೆರಳಚ್ಚು ಇದ್ದ ಹಾಗೆ. ಅದೇ ಚಿರತೆ ಎಷ್ಟು ಸಲ ಮರಳಿ ಸಿಕ್ಕಿತು, ಹೊಸದು ಎಷ್ಟು ಬಂದವು ಎಂಬ ಲೆಕ್ಕದಿಂದ ಕ್ಯಾಮೆರಾಕ್ಕೆ ಸಿಗದೆ ಉಳಿದವನ್ನೂ ಅಂದಾಜು ಮಾಡುತ್ತಾರೆ. ಹುಲಿಯ ಪಟ್ಟೆಗಳನ್ನು ಹಿಡಿದು ಈ ವಿಧಾನವನ್ನು ಗಟ್ಟಿಯಾಗಿ ನೆಲೆಗೊಳಿಸಿದ್ದು 1990ರ ದಶಕದಲ್ಲಿ, ನಮ್ಮದೇ ನಾಗರಹೊಳೆಯಲ್ಲಿ, ಉಲ್ಲಾಸ ಕಾರಂತರು. ಜಗತ್ತಿನ ಹಲವು ದೇಶಗಳು ಇಂದು ಅದೇ ಹಾದಿ ಹಿಡಿದಿವೆ. ಕನ್ನಡದ ನೆಲ ವನ್ಯಜೀವಿ ವಿಜ್ಞಾನಕ್ಕೆ ಕೊಟ್ಟ ದೊಡ್ಡ ಕೊಡುಗೆ ಇದು ಎಂದು ಹೆಮ್ಮೆಯಿಂದಲೇ ಹೇಳಬೇಕು.

ಕ್ಯಾಮೆರಾ ಇಲ್ಲದವರಿಗೂ ಗುರುತುಗಳು ಸಿಗುತ್ತವೆ. ಮಳೆ ನಿಂತ ಮರುದಿನ ಮಣ್ಣುದಾರಿಯಲ್ಲಿ ಹೆಜ್ಜೆ ಮೂಡಿದ್ದರೆ ಕುಳಿತು ನೋಡಬೇಕು. ನಾಲ್ಕು ಬೆರಳಿನ ಮುಂದೆ ಉಗುರಿನ ಚುಕ್ಕೆ ಕಂಡರೆ ಅದು ಬಹುಮಟ್ಟಿಗೆ ನಾಯಿ. ಚಿರತೆ ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತದೆ. ಹಾಗಾಗಿ ಬೆರಳುಗಳು ದುಂಡಗೆ ಮೂಡುತ್ತವೆ, ಅಂಗಾಲಿನ ಮೆತ್ತೆಯ ಹಿಂಬದಿಯಲ್ಲಿ ಮೂರು ಉಬ್ಬು ಕಾಣುತ್ತವೆ. ಹೆಜ್ಜೆಯ ಅಗಲ ಏಳೆಂಟು ಸೆಂಟಿಮೀಟರ್. ತೋಟದ ಮನೆಯವರು ‘ಚಿರತೆ ಬಂದಿದೆ’ ಎಂದು ದೂರು ಕೊಟ್ಟಲ್ಲಿ ಅರಣ್ಯ ಸಿಬ್ಬಂದಿ ಮೊದಲು ಹುಡುಕುವುದು ಇದನ್ನೇ. ಅರ್ಧಕ್ಕರ್ಧ ದೂರುಗಳು ಕಾಡುಬೆಕ್ಕಿನಲ್ಲೋ ನಾಯಿಯಲ್ಲೋ ಮುಗಿದರೂ ಆಶ್ಚರ್ಯವಿಲ್ಲ.

ಕರ್ನಾಟಕ ದೊಡ್ಡ ಬೇಟೆಗಾರ ಪ್ರಾಣಿಗಳ ನಾಡು. 2022ರ ರಾಷ್ಟ್ರೀಯ ಅಂದಾಜಿನಲ್ಲಿ ಇಲ್ಲಿ 563 ಹುಲಿ; ಮಧ್ಯಪ್ರದೇಶ ಬಿಟ್ಟರೆ ನಮ್ಮದೇ ಮುಂದು. ಚಿರತೆ 1,879, ಮಧ್ಯಪ್ರದೇಶ ಮತ್ತು ಮಹಾರಾಷ್ಟ್ರದ ನಂತರ ಮೂರನೆಯ ಸ್ಥಾನ. ಕೊಪ್ಪಳದ ಕಡೆಯ ಬಯಲಿನಲ್ಲಿ ತೋಳವಿದೆ, ಕತ್ತೆಕಿರುಬವಿದೆ. ಪಶ್ಚಿಮ ಘಟ್ಟದ ತಪ್ಪಲಿನಲ್ಲಿ ಕೆನ್ನಾಯಿ ಅಥವಾ ಸೀಳುನಾಯಿಯ ಹಿಂಡುಗಳಿವೆ. ಬ್ರಿಟಿಷರ ಕಾಲದಲ್ಲಿ ಕೆನ್ನಾಯಿಯನ್ನು ಪೀಡೆ ಎಂದು ತಿಳಿದು ಕೊಂದವರಿಗೆ ಇನಾಮು ಕೊಡುತ್ತಿದ್ದರು. ಆ ಪ್ರಾಣಿ ಸಿಳ್ಳೆಯಂಥ ದನಿಯಲ್ಲಿ ಹಿಂಡನ್ನು ಕೂಡಿಸಿಕೊಳ್ಳುತ್ತದೆ, ಬೇಟೆಗೆ ಹೋಗದ ಮರಿಗಳಿಗೆ ಹೊಟ್ಟೆಯಲ್ಲಿ ಹೊತ್ತು ತಂದ ಮಾಂಸವನ್ನು ಕಕ್ಕಿ ಉಣಿಸುತ್ತದೆ ಎಂಬುದನ್ನೆಲ್ಲ ಕನ್ನಡದ ಓದುಗರು ಅಕ್ಕರೆಯಿಂದ ಓದಿದ್ದು ಕೃಪಾಕರ-ಸೇನಾನಿಯವರ ಬರಹಗಳಿಂದ.

ಹಾಗಿದ್ದರೆ ಹುಲಿ ಬಾರದ, ಕೆನ್ನಾಯಿ ಸುಳಿಯದ ಕೆಂಗೇರಿಯ ಅಂಚಿನಲ್ಲಿ ಚಿರತೆ ಮಾತ್ರ ಹೇಗೆ ಬದುಕಿದೆ?

ಉತ್ತರ ಅದರ ಊಟದಲ್ಲಿದೆ. ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ನಾಗರಹೊಳೆಯಲ್ಲಿ ಮೂರು ಬೇಟೆಗಾರರ ಆಹಾರವನ್ನು ಅಧ್ಯಯನ ಮಾಡಿ 1995ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಹುಲಿ ಕೊಲ್ಲುವ ಪ್ರಾಣಿಯ ಸರಾಸರಿ ತೂಕ ಸುಮಾರು 92 ಕೆ.ಜಿ., ಕೆನ್ನಾಯಿಯದು 43, ಚಿರತೆಯದು 38. ಹುಲಿಗೆ ಕಾಟಿ, ಕಡವೆ ಬೇಕು. ವರ್ಷಕ್ಕೆ ಸುಮಾರು 50 ದೊಡ್ಡ ಬೇಟೆ ಸಿಗಬೇಕಾದರೆ ಅದರ ಸರಹದ್ದಿನಲ್ಲಿ ಸುಮಾರು 500 ಗೊರಸಿನ ಪ್ರಾಣಿಗಳು ಇರಬೇಕು. ಅಷ್ಟನ್ನು ಸಾಕಬಲ್ಲ ಕಾಡು ಸೂಲಿಕೆರೆಯಲ್ಲಿ ಇಲ್ಲ. ಚಿರತೆಯ ಪಟ್ಟಿ ಬೇರೆಯೇ. ಜಿಂಕೆ ಸಿಕ್ಕರೆ ಜಿಂಕೆ. ಇಲ್ಲದಿದ್ದರೆ ಮುಳ್ಳುಹಂದಿ, ಮೊಲ, ಮುಸುವ, ನವಿಲು. ಅದೂ ಇಲ್ಲದಿದ್ದರೆ ಮೇಕೆ, ಕರು, ಬೀದಿನಾಯಿ. ಇಲಿ ಹೆಗ್ಗಣವನ್ನೂ ಬಿಡುವುದಿಲ್ಲ. ಗಂಡು 50ರಿಂದ 70 ಕೆ.ಜಿ., ಹೆಣ್ಣು 30ರಿಂದ 45 ಕೆ.ಜಿ. ತೂಗುವ ಮೈಗೆ ಇಷ್ಟು ಸಾಕು. ಆಫ್ರಿಕಾದಿಂದ ಹಿಡಿದು ರಷ್ಯಾದ ಪೂರ್ವ ತುದಿಯ ಹಿಮದವರೆಗೆ ದೊಡ್ಡ ಬೆಕ್ಕುಗಳಲ್ಲಿ ಚಿರತೆಯಷ್ಟು ಹರಡಿಕೊಂಡದ್ದು ಇನ್ನೊಂದಿಲ್ಲದ್ದಕ್ಕೆ ಈ ಹೊಂದಿಕೆಯ ಗುಣವೇ ಕಾರಣ.

ಅಡಗಲು ಜಾಗವೂ ಬೇಕಲ್ಲ. ಬೆಂಗಳೂರಿನಿಂದ ಮಾಗಡಿ, ರಾಮನಗರದವರೆಗೆ ಹರಡಿರುವ ಗ್ರಾನೈಟ್ ಗುಡ್ಡಗಳು ಚಿರತೆಗೆ ಹೇಳಿ ಮಾಡಿಸಿದ ಮನೆ. ಬಂಡೆ ಬಂಡೆಗಳ ನಡುವೆ ಗವಿ, ಬಿಸಿಲಿಗೆ ನೆರಳು, ಬೇಸಿಗೆಯಲ್ಲೂ ಒಂದಿಷ್ಟು ತಂಪು, ಸುತ್ತಲೂ ಲಂಟಾನದ ಪೊದೆ. ಹೆಣ್ಣು ಸುಮಾರು ಮೂರು ತಿಂಗಳು ಗರ್ಭ ಹೊತ್ತು ಎರಡು ಮೂರು ಮರಿ ಹಾಕುವುದು ಇಂಥ ಸಂದಿಗಳಲ್ಲೇ. ನಾಗರಹೊಳೆಯ ಚಿರತೆ ಹುಲಿ, ಕೆನ್ನಾಯಿಗಳ ಕಾಟಕ್ಕೆ ಬೇಟೆಯನ್ನು ಕಚ್ಚಿಕೊಂಡು ಮರ ಹತ್ತಬೇಕು. ತನ್ನಷ್ಟೇ ತೂಕದ ಜಿಂಕೆಯನ್ನು ಕವಲು ಕೊಂಬೆಯವರೆಗೆ ಏರಿಸುವ ಆ ಕುತ್ತಿಗೆ, ಹೆಗಲಿನ ಬಲ ಬೆರಗು ಹುಟ್ಟಿಸುತ್ತದೆ. ಸಾವನದುರ್ಗದ ಚಿರತೆಗೆ ಆ ಕಷ್ಟವಿಲ್ಲ. ಬಂಡೆಸಂದಿಗೆ ಎಳೆದರೆ ಸಾಕು.

ಈ ಚಿರತೆಗಳು ಇಲ್ಲಿಗೆ ಹೊಸವೇನಲ್ಲ. ಬೆಂಗಳೂರಿನಲ್ಲೇ ನೆಲೆಸಿದ್ದ ಕೆನೆತ್ ಆಂಡರ್ಸನ್ ಈ ಸೀಮೆಯ ಚಿರತೆಗಳ ಬಗ್ಗೆ ಬರೆದರು; ಪೂರ್ಣಚಂದ್ರ ತೇಜಸ್ವಿ ಅವನ್ನು ಕನ್ನಡಕ್ಕೆ ತಂದರು. ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಎಂಬ ಪುಸ್ತಕದ ಹೆಸರುಗಳನ್ನೇ ನೋಡಿದರೆ ಸಾಕು. ಜಾಲಹಳ್ಳಿ ಎಂದರೆ ರಾಜಾಜಿನಗರದಿಂದ ಹತ್ತು ಕಿಲೊಮೀಟರ್ ಒಳಗಿನ ಮಾತು. 1949ರಲ್ಲಿ ರಾಜಾಜಿನಗರಕ್ಕೆ ಅಡಿಗಲ್ಲು ಹಾಕಿದಾಗ ಅದರಾಚೆ ಹಳ್ಳಿ, ಹೊಲ, ಕೆರೆ, ಕಾವಲು. ಬಡಾವಣೆಗಳು ಒಂದೊಂದಾಗಿ ಪಶ್ಚಿಮಕ್ಕೆ ಸರಿದವು. ವೃಷಭಾವತಿಯ ಜೊತೆ ಜೊತೆಗೇ ನಗರವೂ ಕೆಂಗೇರಿ ತಲುಪಿತು. ಚಿರತೆಯ ಬಂಡೆಗಳು ಇದ್ದಲ್ಲೇ ಇದ್ದವು. ‘ಚಿರತೆ ಊರಿಗೆ ನುಗ್ಗಿತು’ ಎಂದು ಬರೆಯುವ ಪತ್ರಿಕೆಗಳು ಈ ಭೂಗೋಳವನ್ನು ಒಮ್ಮೆ ನೆನೆಯಬೇಕು.

ನುಗ್ಗಿದ ಪ್ರಸಂಗಗಳೂ ಇವೆ, ಇಲ್ಲವೆನ್ನಲಾಗದು. 2016ರ ಫೆಬ್ರುವರಿ 7ರ ಭಾನುವಾರ ವರ್ತೂರು ಸಮೀಪದ ಖಾಸಗಿ ಶಾಲೆಯೊಂದರಲ್ಲಿ ಗಂಡು ಚಿರತೆ ಸೇರಿಕೊಂಡಿತು. ರಜೆಯಾದ್ದರಿಂದ ಮಕ್ಕಳಿರಲಿಲ್ಲ. ಇಡೀ ದಿನ ನಡೆದ ಕಾರ್ಯಾಚರಣೆಯಲ್ಲಿ ಸಂಜಯ್ ಗುಬ್ಬಿಯವರೇ ಗಾಯಗೊಂಡರು. ಈಜುಕೊಳದ ಬಳಿ ಅವರನ್ನು ಚಿರತೆ ಕಚ್ಚಿ ಎಳೆದ ದೃಶ್ಯ ಜಗತ್ತೆಲ್ಲ ಹರಿದಾಡಿತು. ಆಸ್ಪತ್ರೆಯಿಂದ ಬಂದ ಮೇಲೂ ಅವರು ಚಿರತೆಗಳ ಕೆಲಸ ಬಿಡಲಿಲ್ಲ. ಬೆಂಗಳೂರಿನ ಚಿರತೆಗಳ ಲೆಕ್ಕ ಕೊಟ್ಟವರೂ ಅವರೇ ಎಂಬುದನ್ನು ಈ ಸಂದರ್ಭದಲ್ಲಿ ಗೌರವದಿಂದ ನೆನೆಯಬೇಕು. 2023ರ ಅಕ್ಟೋಬರ್ ಕೊನೆಯಲ್ಲಿ ಕೂಡ್ಲು ಗೇಟ್ ಬಳಿ ಅಪಾರ್ಟ್‌ಮೆಂಟ್ ಆವರಣದಲ್ಲಿ ಕಂಡ ಇನ್ನೊಂದು ಚಿರತೆಯ ಕಥೆ ಸಾವಿನಲ್ಲಿ ಮುಗಿಯಿತು. ನವೆಂಬರ್ 1ರಂದು ಹಿಡಿಯಲು ಹೋದ ಸಿಬ್ಬಂದಿಯ ಮೇಲೆರಗಿದ ಅದು ಗುಂಡೇಟಿಗೆ ಸತ್ತಿತು.

ಈ ಎರಡೂ ಘಟನೆಗಳಲ್ಲಿ ಚಿರತೆ ಗೋಡೆಗಳ ನಡುವೆ ಸಿಕ್ಕಿಬಿದ್ದಿತ್ತು, ಹೊರಗೆ ಜನ ನೆರೆದಿದ್ದರು. ಓಡಲು ದಾರಿ ಇರುವ ಚಿರತೆ ಓಡುತ್ತದೆ. ದಾರಿ ಮುಚ್ಚಿದ ಚಿರತೆ ಎದುರಿಗಿದ್ದವರ ಮೇಲೆ ಬೀಳುತ್ತದೆ. ಮೊಬೈಲ್ ಹಿಡಿದು ಕಾಂಪೌಂಡು ಹತ್ತುವ ಗುಂಪು ಅರಿವಳಿಕೆ ಮದ್ದಿನ ಬಂದೂಕು ಹಿಡಿದ ವೈದ್ಯರ ಕೆಲಸವನ್ನು ಎಷ್ಟು ಕಠಿಣ ಮಾಡುತ್ತದೆ ಎಂದು ಆ ಗುಂಪಿಗೆ ಗೊತ್ತಿರುವುದಿಲ್ಲ. ಮದ್ದು ತಾಗಿದ ಮೇಲೂ ಪ್ರಾಣಿ ಮಲಗಲು ಹಲವು ನಿಮಿಷ ಬೇಕು. ಆ ನಿಮಿಷಗಳಲ್ಲಿ ಅದು ಗಾಬರಿಯಿಂದ ಎತ್ತ ಬೇಕಾದರೂ ನುಗ್ಗಬಹುದು.

ಸಾವುಗಳ ಬಗ್ಗೆ ಮೌನವಾಗಿರುವುದು ಅನ್ಯಾಯ. 2020ರ ಮೇ ತಿಂಗಳಲ್ಲಿ ಮಾಗಡಿ ತಾಲ್ಲೂಕಿನಲ್ಲಿ ಮೂರು ವರ್ಷದ ಮಗು, ಕೆಲವೇ ದಿನಗಳ ಅಂತರದಲ್ಲಿ ಒಬ್ಬ ವೃದ್ಧೆ ಚಿರತೆಗೆ ಬಲಿಯಾದರು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಸತ್ತರು. ಅವರಲ್ಲಿ ಇಬ್ಬರು ಕಾಲೇಜು ವಿದ್ಯಾರ್ಥಿಗಳು, ಒಬ್ಬ ಹನ್ನೊಂದರ ಹುಡುಗ. 2024ರ ನವೆಂಬರ್‌ನಲ್ಲಿ ನೆಲಮಂಗಲ ತಾಲ್ಲೂಕಿನ ಕಂಬಾಳು ಗೊಲ್ಲರಹಟ್ಟಿಯಲ್ಲಿ ಹುಲ್ಲು ಕೊಯ್ಯಲು ಹೋದ ಹೆಣ್ಣುಮಗಳು ಮನೆಗೆ ಮರಳಲಿಲ್ಲ. ಈ ಸಾವುಗಳನ್ನು ಅನುಭವಿಸಿದ್ದು ಮೇಕೆ ಕಾಯುವವರು, ಕೂಲಿ ಮಾಡುವವರು, ಬಯಲಿಗೆ ಹೋಗಬೇಕಾದವರು. ಎತ್ತರದ ಗೇಟಿನೊಳಗಿನ ನಾಗರಿಕರು ಚಿರತೆಯನ್ನು ಕೊಂಡಾಡುವಾಗ ಆ ಮನೆಗಳನ್ನು ಮರೆಯಬಾರದು. ಮೇಕೆ ಸತ್ತರೂ ಮನುಷ್ಯ ಸತ್ತರೂ ಪರಿಹಾರ ತಡವಿಲ್ಲದೆ ಸಿಗಬೇಕು. ಪರಿಹಾರ ತಡವಾದ ಕಡೆ ಸಿಟ್ಟು ವಿಷವಾಗಿ ಹೊರಬರುತ್ತದೆ. 2025ರ ಜೂನ್‌ನಲ್ಲಿ ಮಲೆಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ವಿಷ ಹಾಕಿದ ಹಸುವಿನ ಮಾಂಸ ತಿಂದು ಒಂದು ತಾಯಿಹುಲಿ ಮತ್ತು ನಾಲ್ಕು ಮರಿಗಳು ಒಟ್ಟಿಗೆ ಸತ್ತವು. ಕರ್ನಾಟಕ ಮರೆಯಬಾರದ ದಿನ ಅದು.

ಚಿರತೆ ಕಂಡೊಡನೆ ಏಳುವ ಬೇಡಿಕೆ ಒಂದೇ: ಬೋನು ಇಡಿ, ಹಿಡಿದು ದೂರದ ಕಾಡಿಗೆ ಬಿಡಿ. ಕೇಳಲು ಸರಿಯಾಗಿಯೇ ಇದೆ. ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ್ದು ಮಹಾರಾಷ್ಟ್ರದ ಜುನ್ನರ್‌ನಲ್ಲಿ. 2001ರಿಂದ ಅಲ್ಲಿನ ಕಬ್ಬಿನ ಗದ್ದೆಗಳ ಚಿರತೆಗಳನ್ನು ಹಿಡಿದು ಹಿಡಿದು ಕಾಡಿಗೆ ಬಿಟ್ಟರು. ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ, ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿ 17ಕ್ಕೆ ಏರಿತ್ತು. ಅರಿಯದ ಜಾಗದಲ್ಲಿ ಬಿಟ್ಟ ಪ್ರಾಣಿ ಅಲ್ಲಿ ನಿಲ್ಲುವುದಿಲ್ಲ. ಖಾಲಿಯಾದ ಜಾಗಕ್ಕೆ ಹೊಸ, ಎಳೆಯ ಚಿರತೆಗಳು ಬಂದು ಸೇರುತ್ತವೆ. ಬೋನಿನಲ್ಲಿ ಕಚ್ಚಿ ಹಲ್ಲು ಮುರಿದುಕೊಂಡ ಚಿರತೆಗೆ ಸಹಜ ಬೇಟೆಯೂ ಕಷ್ಟ. ಕೇಂದ್ರ ಪರಿಸರ ಸಚಿವಾಲಯ 2011ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ಕಾರಣಕ್ಕೇ ಮನಸ್ಸಿಗೆ ಬಂದಂತೆ ಹಿಡಿದು ಬಿಡುವುದನ್ನು ಒಪ್ಪುವುದಿಲ್ಲ.

ಆಜೋಬಾ ಎಂಬ ಗಂಡು ಚಿರತೆಯ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಮರಾಠಿಯಲ್ಲಿ ಆಜೋಬಾ ಎಂದರೆ ಅಜ್ಜ. 2009ರಲ್ಲಿ ಅಹಮದ್‌ನಗರ ಜಿಲ್ಲೆಯ ಬಾವಿಯೊಂದಕ್ಕೆ ಬಿದ್ದ ಅದನ್ನು ಎತ್ತಿ, ಕುತ್ತಿಗೆಗೆ ಜಿಪಿಎಸ್ ಪಟ್ಟಿ ಕಟ್ಟಿ ಮಾಳಶೇಜ್ ಘಾಟಿನಲ್ಲಿ ಬಿಟ್ಟರು. ಅದು ಹೆದ್ದಾರಿ ದಾಟಿ, ರೈಲು ಹಳಿ ದಾಟಿ, ಕೊನೆಗೆ ಕೊಲ್ಲಿಯ ನೀರನ್ನೂ ಈಜಿ, ಸುಮಾರು 120 ಕಿಲೊಮೀಟರ್ ದೂರದ ಮುಂಬೈಯ ಉದ್ಯಾನ ಸೇರಿತು. ದಾರಿಯುದ್ದಕ್ಕೂ ಊರುಗಳ ನಡುವೆಯೇ ನಡೆದರೂ ಒಬ್ಬರಿಗೂ ತೊಂದರೆ ಕೊಡಲಿಲ್ಲ. 2011ರಲ್ಲಿ ಮುಂಬೈ ಹೊರವಲಯದ ರಸ್ತೆಯಲ್ಲಿ ವಾಹನ ಬಡಿದು ಸತ್ತಿತು. ಅದೇ ಅಹಮದ್‌ನಗರ ಜಿಲ್ಲೆಯ ಅಕೋಲೆ ಕಣಿವೆಯಲ್ಲಿ ಪಟ್ಟಿ ಕಟ್ಟಿದ ಇತರ ಚಿರತೆಗಳು ರಾತ್ರಿ ಹೊತ್ತು ಮನೆಗಳಿಂದ 25 ಮೀಟರ್ ಒಳಗೇ ಓಡಾಡಿದ್ದು ದಾಖಲಾಗಿದೆ. ಮನೆಯವರು ನಿದ್ದೆಯಲ್ಲಿದ್ದರು, ಚಿರತೆ ಬಂದದ್ದೂ ಹೋದದ್ದೂ ಅವರಿಗೆ ತಿಳಿಯಲಿಲ್ಲ.

ಅಕೋಲೆಯ ಚಿರತೆಗಳ ಮಲ ಪರೀಕ್ಷಿಸಿದಾಗ ತಿಳಿದ ಇನ್ನೊಂದು ಸಂಗತಿ ಬೆಂಗಳೂರಿಗೆ ನೇರವಾಗಿ ಅನ್ವಯಿಸುತ್ತದೆ. ತೂಕದ ಲೆಕ್ಕದಲ್ಲಿ ಅವುಗಳ ಆಹಾರದಲ್ಲಿ ಶೇಕಡ 87 ಪಾಲು ಸಾಕುಪ್ರಾಣಿಗಳದ್ದು. ನಾಯಿಯೊಂದೇ ಶೇಕಡ 39 ಪಾಲು. ಮನೆಮನೆಗೂ ಮೇಕೆಯಿರುವ ಕಡೆಯೂ ಚಿರತೆ ಹೆಚ್ಚು ತಿಂದದ್ದು ನಾಯಿಯನ್ನೇ. ಮೇಕೆಯನ್ನು ರಾತ್ರಿ ಕೂಡಿಹಾಕುತ್ತಾರೆ, ನಾಯಿ ಹೊರಗೆ ಮಲಗುತ್ತದೆ. ಪಾಲಿಕೆಯ 2023ರ ಸಮೀಕ್ಷೆಯಂತೆ ಬೆಂಗಳೂರಿನಲ್ಲಿ ಬೀದಿನಾಯಿಗಳು ಸುಮಾರು 2.79 ಲಕ್ಷ. ಅವು ಬದುಕುವುದು ಕಸದ ಮೇಲೆ. ನೈಸ್ ರಸ್ತೆಯ ಪಕ್ಕದಲ್ಲಿ, ಕೆರೆಯ ಅಂಚಿನಲ್ಲಿ, ಕಾಡಿನ ಬೇಲಿಯ ಬುಡದಲ್ಲಿ ಮಾಂಸದಂಗಡಿಯ, ಕೋಳಿ ಫಾರಂನ ತ್ಯಾಜ್ಯವನ್ನು ಚೀಲ ಕಟ್ಟಿ ಎಸೆದು ಹೋಗುತ್ತಾರೆ. ವಾಸನೆಗೆ ನಾಯಿ ಬರುತ್ತದೆ, ನಾಯಿಗಾಗಿ ಚಿರತೆ ಬರುತ್ತದೆ. ಕೆಂಗೇರಿ ಉಪನಗರದ ಬಾಗಿಲಿಗೆ ಚಿರತೆಯನ್ನು ಕರೆತರುವುದು ಕಾಡಿನ ಹಸಿವಿಗಿಂತ ಹೆಚ್ಚಾಗಿ ನಮ್ಮ ಕಸ. ಬೋನಿಗೆ ಒತ್ತಾಯಿಸುವಷ್ಟೇ ಜೋರಾಗಿ ಕಸ ಎತ್ತಲು ಒತ್ತಾಯಿಸಿದರೆ ಫಲ ಹೆಚ್ಚು.

ಇನ್ನು ಗುಡ್ಡಗಳ ಮಾತು. ಕಲ್ಲು ಗಣಿಗಾರಿಕೆ ರಾಮನಗರ, ಮಾಗಡಿ ಕಡೆಯ ಎಷ್ಟೋ ಬಂಡೆಗಳನ್ನು ಜಲ್ಲಿಯಾಗಿಸಿದೆ. ಒಂದು ಗುಡ್ಡ ಸಿಡಿದರೆ ಅದರ ಗವಿಗಳೊಂದಿಗೆ ಮರಿ ಹಾಕುವ ಜಾಗವೂ ಹೋಯಿತು. ಅಲ್ಲಿದ್ದ ಹೆಣ್ಣು ಚಿರತೆ ಕಬ್ಬಿನ ಗದ್ದೆಗೋ ಪಾಳುಬಿದ್ದ ಲೇಔಟಿಗೋ ಹೋಗಬೇಕು. ಜನ ಎದ್ದು ನಿಂತಾಗ ಫಲ ಸಿಕ್ಕ ಉದಾಹರಣೆಗಳೂ ಇವೆ. 2021ರಲ್ಲಿ ತುರಹಳ್ಳಿ ಕಾಡಿನೊಳಗೆ ವೃಕ್ಷೋದ್ಯಾನ ಕಟ್ಟುವ ಯೋಜನೆ ಬಂದಾಗ ಸುತ್ತಲಿನ ನಿವಾಸಿಗಳು, ಸೈಕಲ್ ಸವಾರರು ವಿರೋಧಿಸಿದರು, ಸರ್ಕಾರ ಕೈಬಿಟ್ಟಿತು. ಹೆಸರಘಟ್ಟದ ಹುಲ್ಲುಗಾವಲಿನ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು 2024ರಲ್ಲಿ ಸಚಿವ ಸಂಪುಟ ಒಪ್ಪಿತು. ಬಿ.ಎಂ. ಕಾವಲು, ಯು.ಎಂ. ಕಾವಲು, ತಾತಗುಣಿಯ ರೋರಿಚ್ ಎಸ್ಟೇಟ್, ಗೊಲ್ಲಹಳ್ಳಿ ಗುಡ್ಡಗಳಿಗೂ ಅದೇ ರಕ್ಷಣೆ ಕೊಡಿ ಎಂಬುದು ಹೊಳೆಮತ್ತಿ ತಂಡದ ಶಿಫಾರಸು. ಪಶ್ಚಿಮ ಬೆಂಗಳೂರಿನ ನಿವಾಸಿ ಸಂಘಗಳು ಈ ಬೇಡಿಕೆಯನ್ನು ತಮ್ಮದಾಗಿಸಿಕೊಂಡು ಶಾಸಕರ ಮುಂದೆ ಇಡಬೇಕು. ಆ ಕಾವಲುಗಳು ಒಡೆದು ಸೈಟುಗಳಾದ ಮೇಲೆ ಇಡುವ ಬೋನಿನಿಂದ ಯಾರಿಗೂ ನೆಮ್ಮದಿ ಸಿಗದು.

ಕಾಡಂಚಿನಲ್ಲಿ ಮನೆ ಮಾಡಿರುವ ಓದುಗರಲ್ಲಿ ಕೆಲವು ವಿನಂತಿ. ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬೇಡಿ. ಸಾಕುನಾಯಿಯನ್ನು ರಾತ್ರಿ ಒಳಗೆ ಕಟ್ಟಿ. ಕುರಿ, ಮೇಕೆಯ ಕೊಟ್ಟಿಗೆಗೆ ಮೇಲ್ಛಾವಣಿ ಸಹಿತ ಗಟ್ಟಿ ಜಾಲರಿ ಹಾಕಿಸಿ. ಬೆಳಗಿನ ಜಾವ ತುರಹಳ್ಳಿಯ ಕಡೆ ನಡೆಯಲು ಹೋಗುವವರು ಬೆಳಕು ಹರಿದ ಮೇಲೆ, ಇಬ್ಬರು ಮೂವರು ಕೂಡಿ, ಮಾತಾಡಿಕೊಂಡು ಹೋಗಿ. ಚಿರತೆ ಎದುರಾದರೆ ಓಡಬೇಡಿ, ಕೂರಬೇಡಿ, ಬಗ್ಗಬೇಡಿ. ನಿಂತು, ಮುಖ ಅದರತ್ತಲೇ ಇಟ್ಟು, ನಿಧಾನವಾಗಿ ಹಿಂದೆ ಸರಿಯಿರಿ, ಅದಕ್ಕೆ ಹೋಗಲು ದಾರಿ ಬಿಡಿ. ಆಮೇಲೆ ವಾಟ್ಸಾಪಿಗೆ ವಿಡಿಯೊ ಹಾಕುವ ಮುನ್ನ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ಜಾಗ ಮತ್ತು ಸಮಯ ತಿಳಿಸಿ.